ತಮ್ಮ ಆಂಟಿಗುವಾದಲ್ಲಿ, ಕ್ರಿಪ್ಟೊ ಹಾಕಿ ಕ್ರಿಕೆಟ್ ಬೆಟ್ಟಿಂಗ್. ಊರಲ್ಲಿ ಅಪ್ಪನ ಖಾತೆ ಫ್ರೀಜ್. ಅಲ್ಲಿನ ಕಾನೂನು ಗೊತ್ತಿರುವವರು ದಯವಿಟ್ಟು ಹೇಳಿ

ಬೆಣ್ಣೆನಗರಿ_ಅಕ್ಕ · ಮಂಗಳವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನನ್ನ ತಮ್ಮ ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪದಲ್ಲಿ ಮೆಡಿಕಲ್ ಓದುತ್ತಿದ್ದಾನೆ, ಎರಡನೇ ವರ್ಷ. ಅಪ್ಪ ಚನ್ನಗಿರಿ ಕಡೆ ಅಡಿಕೆ ಬೆಳೆಗಾರರು. ಹೋದ ವಾರ ಗೊಬ್ಬರದ ಅಂಗಡಿಯಲ್ಲಿ ಮೊಬೈಲಿಂದ ದುಡ್ಡು ಕಳಿಸಲು ಹೋದರೆ ಹೋಗಲಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದಾಗ, ಬೇರೆ ರಾಜ್ಯದ ಸೈಬರ್ ಠಾಣೆಯಿಂದ ಪತ್ರ ಬಂದಿದೆ, ಖಾತೆ ಫ್ರೀಜ್ ಆಗಿದೆ ಅಂದರು. ಅಡಿಕೆ ಮಾರಿದ ದುಡ್ಡೆಲ್ಲ ಅದರಲ್ಲೇ ಇದೆ. ಜೀವನದಲ್ಲಿ ಒಂದು ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದವರಲ್ಲ ಅಪ್ಪ. ಎರಡು ದಿನ ಊಟ ಬಿಟ್ಟಿದ್ದರು.

ತಮ್ಮನಿಗೆ ಫೋನ್ ಮಾಡಿ ಜೋರು ಮಾಡಿದ ಮೇಲೆ ಒಂದೊಂದೇ ಹೊರಗೆ ಬಂತು. ಕೆರಿಬಿಯನ್ ಪ್ರೀಮಿಯರ್ ಲೀಗ್ ನಡೆಯುವಾಗ ರೂಂಮೇಟ್‌ಗಳ ಜೊತೆ ಮೊಬೈಲ್ ಆ್ಯಪ್‌ನಲ್ಲಿ ಬೆಟ್ಟಿಂಗ್ ಶುರು ಮಾಡಿದ್ದಾನೆ. ದುಡ್ಡು ಹಾಕುವುದು ಯುಎಸ್‌ಡಿಟಿ ಅನ್ನೋ ಕ್ರಿಪ್ಟೊದಲ್ಲಿ, ಅಂದರೆ ಡಿಜಿಟಲ್ ಕಾಯಿನ್ನಲ್ಲಿ (ಒಂದಕ್ಕೆ ಸುಮಾರು ಒಂದು ಡಾಲರ್). ಮೊದಮೊದಲು ಗೆದ್ದಾಗ ಆ ಕಾಯಿನ್ನು ಯಾರಿಗೋ ಮಾರಿ, ರೂಪಾಯಿಯನ್ನು ನೇರ ಅಪ್ಪನ ಖಾತೆಗೆ ಹಾಕಿಸಿದ್ದಾನೆ. "ಪಾರ್ಟ್‌ಟೈಂ ಕೆಲಸದ ದುಡ್ಡಪ್ಪ" ಅಂದಿದ್ದ. ಅಪ್ಪ ಬೀಗರ ಮುಂದೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದರು.

ಆಮೇಲೆ ಸೋಲು. ಈ ಸೆಮಿಸ್ಟರ್ ಫೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ. ಈಗಲೂ ಆ್ಯಪ್‌ನಲ್ಲಿ 4,100 ಯುಎಸ್‌ಡಿಟಿ ಕಾಣುತ್ತಿದೆಯಂತೆ, ಆದರೆ ತೆಗೆಯಲು ಬಿಡುತ್ತಿಲ್ಲ. "ತೆರಿಗೆ ಠೇವಣಿ" ಅಂತ ಇನ್ನೂ 600 ಕಟ್ಟು ಅನ್ನುತ್ತಿದ್ದಾರಂತೆ. ಬೈದರೆ, "ಅಕ್ಕಾ, ಆನ್‌ಲೈನ್ ಬೆಟ್ಟಿಂಗ್ ಹುಟ್ಟಿದ್ದೇ ಈ ದೇಶದಲ್ಲಿ, ಇಲ್ಲಿ ಎಲ್ಲ ಲೀಗಲ್. ಆ್ಯಪ್‌ಗೆ ಕ್ಯುರಸಾವ್ ಲೈಸೆನ್ಸ್ ಇದೆ" ಅನ್ನುತ್ತಾನೆ.

ಇದು ನಿಜವಾ? ಆ 600 ಕಟ್ಟಬೇಕಾ? ಅಪ್ಪನ ಖಾತೆ ಬಿಡಿಸುವುದು ಹೇಗೆ?

ಸೋತು_ಎದ್ದವ · ರಾತ್ರಿ 10:52

ಅಕ್ಕಾ, ಬಾಕಿ ಮಾತು ಆಮೇಲೆ. ಆ 600 ಕಟ್ಟಬೇಡಿ. ಒಂದು ಪೈಸೆ ಕಟ್ಟಬೇಡಿ. ಗೆದ್ದ ದುಡ್ಡಿಗೆ ತೆರಿಗೆ ಇದ್ದರೆ ಅದರಲ್ಲೇ ಹಿಡಿದುಕೊಳ್ಳುತ್ತಾರೆ, ಮೇಲಿಂದ ಹೊಸದಾಗಿ ಹಾಕು ಅಂತ ಯಾವ ಸರಕಾರವೂ ಆ್ಯಪ್ ಮೂಲಕ ಕೇಳುವುದಿಲ್ಲ. ನಾನು ಹೀಗೇ ಮೂರು ಸಲ ಕಟ್ಟಿದೆ. ಮೊದಲು ತೆರಿಗೆ ಅಂದರು, ಆಮೇಲೆ "ವೆರಿಫಿಕೇಶನ್", ಆಮೇಲೆ "ನಿಮ್ಮ ವ್ಯಾಲೆಟ್ ಅಪ್‌ಗ್ರೇಡ್". ನಾಲ್ಕನೇ ಸಲ ಹೆಂಡತಿಯ ಬಳೆ ಅಡ ಇಡಲು ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಳು. ಪರದೆ ಮೇಲೆ ಕಾಣುವ 4,100 ಬರೀ ಅಂಕಿ. ಅದನ್ನು ಮನಸ್ಸಿಂದ ತೆಗೆದುಬಿಡಿ, ಆಗ ಮುಂದಿನ ದಾರಿ ಕಾಣುತ್ತೆ.

ಸೇಂಟ್‌ಜಾನ್ಸ್_ಹಳಬ · ರಾತ್ರಿ 11:30

ತಾಯಿ, ನಾನು ಎಂಟು ವರ್ಷ ಆಂಟಿಗುವಾದ ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ ಹೋಟೆಲ್ ಲೆಕ್ಕಪತ್ರ ನೋಡಿಕೊಂಡಿದ್ದವನು. ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಅರ್ಧ ನಿಜವೇ ಹೆಚ್ಚು ಮುಳುಗಿಸುವುದು.

ಆಂಟಿಗುವಾ ಸರಕಾರ 1994ರಲ್ಲಿ ಮುಕ್ತ ವ್ಯಾಪಾರ ವಲಯದ ಕಾಯ್ದೆ ತಂದು ಇಂಟರ್ನೆಟ್ ಜೂಜಿಗೆ ಲೈಸೆನ್ಸ್ ಕೊಟ್ಟಿತು. ಜಗತ್ತಿನಲ್ಲೇ ಮೊದಲ ಸಾಲಿನದು. ಸುಮಾರು ಒಂದು ಲಕ್ಷ ಜನಸಂಖ್ಯೆಯ ದೇಶ, ಕಬ್ಬು ಹೋದ ಮೇಲೆ ಪ್ರವಾಸೋದ್ಯಮ ಬಿಟ್ಟರೆ ಬೇರೆ ಆಸರೆ ಇಲ್ಲ. ಅವರ ಕಷ್ಟ ನನಗೆ ಅರ್ಥವಾಗುತ್ತೆ. ಅಮೆರಿಕ ತನ್ನ ಜನ ಅಲ್ಲಿ ಬೆಟ್ ಕಟ್ಟುವುದನ್ನು ತಡೆದಾಗ, 2003ರಲ್ಲಿ ಈ ಪುಟ್ಟ ದೇಶ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕದ ಮೇಲೇ ದಾವೆ ಹೂಡಿತು. ಮುಖ್ಯ ಅಂಶಗಳಲ್ಲಿ ಗೆದ್ದಿತು ಕೂಡ. 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರಿನಷ್ಟು ಅಮೆರಿಕದ ವ್ಯಾಪಾರ ಹಕ್ಕುಗಳನ್ನು ಪ್ರತಿಯಾಗಿ ತಡೆಹಿಡಿಯಬಹುದು ಎಂಬ ತೀರ್ಪು ಬಂತು. ಅಲ್ಲಿನ ಟ್ಯಾಕ್ಸಿ ಚಾಲಕರೂ ಈ ಕೇಸಿನ ಬಗ್ಗೆ ಅಭಿಮಾನದಿಂದ ಮಾತಾಡುವುದನ್ನು ಕೇಳಿದ್ದೇನೆ. ನಿಮ್ಮ ತಮ್ಮನ ಕಿವಿಗೆ ಬಿದ್ದಿರುವುದು ಈ ಕತೆ.

ಅವನ ಕಿವಿಗೆ ಬೀಳದ ಇನ್ನೊಂದು ಕತೆ ಇದೆ. ಆ ದ್ವೀಪದ ಅತ್ಯಂತ ಹೆಸರುವಾಸಿ ಬೆಟ್ಟಿಂಗ್ ಕಂಪನಿಗಳಲ್ಲಿ ಒಂದಾಗಿದ್ದ ವರ್ಲ್ಡ್ ಸ್ಪೋರ್ಟ್ಸ್ ಎಕ್ಸ್‌ಚೇಂಜ್ 2013ರಲ್ಲಿ ಬಾಗಿಲು ಹಾಕಿತು. ಆಟಗಾರರ ಬಾಕಿ ಬಾಕಿಯಾಗಿಯೇ ಉಳಿಯಿತು. ಅದಕ್ಕೂ ಮೊದಲು, 2000ದಲ್ಲಿ, ಅದರ ಸ್ಥಾಪಕರಲ್ಲಿ ಒಬ್ಬರಾದ ಜೇ ಕೋಹೆನ್ ಅಮೆರಿಕಕ್ಕೆ ವಾಪಸಾಗಿ ಕೋರ್ಟು ಎದುರಿಸಿ, 21 ತಿಂಗಳ ಸೆರೆವಾಸದ ಶಿಕ್ಷೆಗೆ ಒಳಗಾದರು. ಆಂಟಿಗುವಾದಲ್ಲಿ ಕಾನೂನುಬದ್ಧವಾದದ್ದು ವಿಮಾನ ಇಳಿದ ಜಾಗದಲ್ಲಿ ಅಪರಾಧ ಆಗಿತ್ತು.

ಇನ್ನು "ಕೆರಿಬಿಯನ್ ಕಾನೂನು" ಅಂತ ಒಂದೇ ಒಂದು ಇಲ್ಲ ತಾಯಿ. ಕೇಮನ್ ದ್ವೀಪಗಳಲ್ಲಿ ಕ್ರಿಪ್ಟೊ ಕಂಪನಿಗಳಿಗೆ 2020ರಿಂದ ಕಾಯ್ದೆ ಇದೆ, ಕ್ರಿಪ್ಟೊ ನಿಧಿಗಳಿಗೆ ಅದು ತವರುಮನೆ. ಆದರೆ ಅಲ್ಲಿ ಜೂಜು ಅಪರಾಧ, ಲಾಟರಿ ಚೀಟಿ ಬರೆದರೂ ಪೊಲೀಸ್ ಬರುತ್ತಾರೆ. ಬಹಾಮಾಸ್‌ನಲ್ಲಿ ಆ ದೇಶದ ಪ್ರಜೆಗಳಿಗೆ ಕ್ಯಾಸಿನೊ ಮೇಜಿನಲ್ಲಿ ಆಡುವ ಹಕ್ಕಿಲ್ಲ, ಅದು ಪ್ರವಾಸಿಗಳಿಗೆ ಮಾತ್ರ. ಅವರಿಗೆ ಬೇರೆ, ಆನ್‌ಲೈನ್ ಜೂಜಾಡುವ "ವೆಬ್ ಶಾಪ್" ಅಂಗಡಿಗಳನ್ನು 2014ರ ಕಾಯ್ದೆ ಅಧಿಕೃತ ಮಾಡಿತು. ಜಮೈಕಾದಲ್ಲಿ ಬೆಟ್ಟಿಂಗ್ ಕಾಯ್ದೆ 1965ರಿಂದಲೂ ಇದೆ, ಆಯೋಗವೂ ಇದೆ. ಕ್ಯೂಬಾದಲ್ಲಿ ಕ್ರಾಂತಿಯಾದಾಗಿನಿಂದ ಜೂಜು ನಿಷಿದ್ಧ, ಆದರೆ 2021ರಲ್ಲಿ ಅದರ ಕೇಂದ್ರ ಬ್ಯಾಂಕು ಕ್ರಿಪ್ಟೊಗೆ ಒಪ್ಪಿಗೆಯ ನಿಯಮ ಹೊರಡಿಸಿತು. ಕಾಯಿನ್ ಸರಿಯೋ ಅನ್ನುವುದು ಒಂದು ಪ್ರಶ್ನೆ, ಬೆಟ್ಟಿಂಗ್ ಸರಿಯೋ ಅನ್ನುವುದು ಇನ್ನೊಂದು. ಒಂದಕ್ಕೆ ಹೌದು ಅಂದ ಮಾತ್ರಕ್ಕೆ ಇನ್ನೊಂದಕ್ಕೆ ಹೌದು ಆಗುವುದಿಲ್ಲ.

ಬ್ಯಾಕೆಂಡ್_ಹುಡುಗ · ಬುಧವಾರ ಬೆಳಗ್ಗೆ 7:15

ನಾನು ಬೆಂಗಳೂರಿನಲ್ಲಿ ಕೂತು ಎರಡು ವರ್ಷ ಇಂಥದ್ದೇ ಒಂದು ಆ್ಯಪ್‌ಗೆ ಸಾಫ್ಟ್‌ವೇರ್ ಬರೆದವನು. ಬಿಟ್ಟಿದ್ದೇನೆ, ಬಿಟ್ಟ ಕಾರಣ ಕೊನೆಯಲ್ಲಿ ಹೇಳ್ತೀನಿ.

ಕ್ಯುರಸಾವ್ ಲೈಸೆನ್ಸ್ ಬಗ್ಗೆ: ಅದು ವೆನೆಜುವೆಲಾ ಪಕ್ಕದ ದ್ವೀಪ, ನೆದರ್‌ಲ್ಯಾಂಡ್ಸ್ ರಾಜ್ಯದ ಭಾಗ. 1993ರ ಕಾಯ್ದೆ ಪ್ರಕಾರ ಸರಕಾರ ಕೆಲವೇ ಕಂಪನಿಗಳಿಗೆ "ಮಾಸ್ಟರ್ ಲೈಸೆನ್ಸ್" ಕೊಟ್ಟಿತ್ತು. ಅವರು ಅದರ ಕೆಳಗೆ ನೂರಾರು ವೆಬ್‌ಸೈಟ್‌ಗಳಿಗೆ ಉಪ-ಲೈಸೆನ್ಸ್ ಮಾರುತ್ತಿದ್ದರು. ಹಳ್ಳಿಯಲ್ಲಿ ಒಬ್ಬ ಗುತ್ತಿಗೆ ಹಿಡಿದು ಒಳಗೊಳಗೇ ಹತ್ತು ಜನಕ್ಕೆ ಹಂಚಿದ ಹಾಗೆ. ಆಟಗಾರ ದೂರು ಕೊಟ್ಟರೆ ಕೇಳುವವರು ಯಾರೂ ಇರಲಿಲ್ಲ. 2024ರ ಡಿಸೆಂಬರ್ 24ರಿಂದ ಹೊಸ ಕಾಯ್ದೆ ಜಾರಿಗೆ ಬಂದಿದೆ. ಈಗ ಕ್ಯುರಸಾವ್ ಗೇಮಿಂಗ್ ಪ್ರಾಧಿಕಾರವೇ ನೇರ ಲೈಸೆನ್ಸ್ ಕೊಡುತ್ತೆ. ಸುಧಾರಣೆ ಹೌದು. ಆದರೆ ಆ್ಯಪ್ ಕೆಳಗೆ ಅಂಟಿಸಿದ ಮುದ್ರೆ ಯಾರು ಬೇಕಾದರೂ ನಕಲು ಮಾಡುವ ಚಿತ್ರ. ಪ್ರಾಧಿಕಾರದ ಜಾಲತಾಣದ ಪಟ್ಟಿಯಲ್ಲಿ ಕಂಪನಿ ಹೆಸರೂ ಆ ವೆಬ್ ವಿಳಾಸವೂ ಇದೆಯಾ ಅಂತ ತಮ್ಮನಿಗೆ ಹುಡುಕಲು ಹೇಳಿ. ಇಲ್ಲದಿದ್ದರೆ ಆ ಲೈಸೆನ್ಸ್ ಮಾತು ಅಲ್ಲಿಗೇ ಮುಗಿಯಿತು.

ಲೆಕ್ಕ ಹೀಗೆ. ಸಮಬಲದ ಎರಡು ತಂಡ ಇದ್ದರೆ ನ್ಯಾಯವಾದ ದರ ಎರಡಕ್ಕೂ 2.00, ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಎರಡು ರೂಪಾಯಿ ಕೈಗೆ. ಆ್ಯಪ್ ಕೊಡುವುದು 1.90. ಅಂದರೆ ಸೋಲದೆ ಇರಬೇಕಾದರೂ ನೂರಕ್ಕೆ 52.6 ಸಲ ಸರಿ ಹೇಳಬೇಕು. ಪ್ರತಿ ನೂರು ರೂಪಾಯಿಗೆ ಐದು ರೂಪಾಯಿ ಆ್ಯಪ್‌ನವರದ್ದು, ಯಾರು ಗೆದ್ದರೂ. ಇನ್ನು "ಬೋನಸ್ 10,000, ಹತ್ತು ಪಟ್ಟು ಆಡಿದ ಮೇಲೆ ತೆಗೆಯಬಹುದು" ಅಂದರೆ ಒಂದು ಲಕ್ಷದ ಬೆಟ್ ಕಟ್ಟಲೇಬೇಕು. ಅದರಲ್ಲಿ ಸರಾಸರಿ 5,000 ಅವರಿಗೆ ವಾಪಸ್, ಅದೂ ನೀವು ಸಮಬಲದ ಪಂದ್ಯಕ್ಕೆ ಮಾತ್ರ ಕಟ್ಟಿದರೆ. ಓವರ್ ಓವರಿಗೂ, ಬಾಲ್ ಬಾಲಿಗೂ ಕಟ್ಟುವ ಆಟದಲ್ಲಿ ಕಡಿತ ಇನ್ನೂ ಜಾಸ್ತಿ, ಮತ್ತು ನಿಮ್ಮ ಫೋನಿಗೆ ಬರುವ ನೇರಪ್ರಸಾರ ಮೈದಾನಕ್ಕಿಂತ ಹಲವು ಸೆಕೆಂಡ್ ಹಿಂದೆ ಇರುತ್ತೆ. ಬಾಲ್ ಬೌಂಡರಿ ದಾಟಿ ಆಗಿರುತ್ತೆ, ನೀವು ಇನ್ನೂ ಬೌಲರ್ ಓಡುವುದನ್ನು ನೋಡುತ್ತಿರುತ್ತೀರಿ.

ದುಡ್ಡು ಹಾಕುವಾಗ ಯಾವ ದಾಖಲೆಯೂ ಬೇಡ, ತೆಗೆಯುವಾಗ ಪಾಸ್‌ಪೋರ್ಟು, ವಿಳಾಸ, ಸೆಲ್ಫಿ, ಎಲ್ಲ ಬೇಕು. ಇದು ಆಕಸ್ಮಿಕ ಅಲ್ಲ, ನಾವೇ ಹಾಗೆ ಕಟ್ಟಿದ್ದು. ಸೋತವರು ರಾತ್ರಿ ಎರಡಕ್ಕೆ ಮತ್ತೆ ಆ್ಯಪ್ ತೆರೆಯುವ ಹಾಗೆ ನೋಟಿಫಿಕೇಶನ್ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವತ್ತೇ ರಾಜೀನಾಮೆ ಬರೆದೆ.

ಕಾಯಿನ್_ಪ್ರಿಯ · ಬೆಳಗ್ಗೆ 8:02

ಎಲ್ಲರೂ ಕ್ರಿಪ್ಟೊವನ್ನೇ ಕಳ್ಳ ಮಾಡುತ್ತಿರುವುದು ಸರಿಯಲ್ಲ ಅಂತ ನನ್ನ ಭಾವನೆ. ಆಂಟಿಗುವಾದಲ್ಲೇ 2020ರಲ್ಲಿ ಡಿಜಿಟಲ್ ಆಸ್ತಿ ವ್ಯವಹಾರದ ಕಾಯ್ದೆ ಆಗಿದೆ. ಬಹಾಮಾಸ್ 2020ರ ಅಕ್ಟೋಬರ್‌ನಲ್ಲಿ ಸ್ಯಾಂಡ್ ಡಾಲರ್ ಅನ್ನುವ ಡಿಜಿಟಲ್ ಕರೆನ್ಸಿಯನ್ನು ಇಡೀ ದೇಶಕ್ಕೆ ತಂದ ಮೊದಲ ದೇಶ. ದ್ವೀಪಗಳ ಜನಕ್ಕೆ ವಿದೇಶದ ಮಕ್ಕಳಿಂದ ಹಣ ಬರುವುದಕ್ಕೆ ಶುಲ್ಕ ಜಾಸ್ತಿ, ಸಣ್ಣ ದ್ವೀಪಕ್ಕೆ ಬ್ಯಾಂಕ್ ಶಾಖೆಯೇ ಇರುವುದಿಲ್ಲ. ಅವರಿಗೆ ಇದು ಉಪಕಾರದ ತಂತ್ರಜ್ಞಾನ.

ನಸಾವ್_ನರ್ಸ್ · ಬೆಳಗ್ಗೆ 9:20

ನಾನು ಬಹಾಮಾಸ್‌ನ ನಸಾವ್‌ನಲ್ಲಿ ಕೆಲಸ ಮಾಡ್ತಿದ್ದೀನಿ. ಕಾಯಿನ್_ಪ್ರಿಯ ಅವರೇ, ಸ್ಯಾಂಡ್ ಡಾಲರ್ ಕೇಂದ್ರ ಬ್ಯಾಂಕಿನದು, ಬಹಾಮಾಸ್ ಡಾಲರಿನ ಡಿಜಿಟಲ್ ರೂಪ. ಬಿಟ್‌ಕಾಯಿನ್ ಥರ ಏರಿಳಿಯುವುದಿಲ್ಲ, ಅದರ ಹಿಂದೆ ಸರಕಾರ ಇದೆ. ಅದನ್ನೂ ಇದನ್ನೂ ಒಂದೇ ಹೆಸರಿನಲ್ಲಿ ಕರೆದರೆ ಈ ಅಕ್ಕನಂಥವರಿಗೆ ಗೊಂದಲ ಆಗುತ್ತೆ. ಸರಕಾರದ್ದು ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲೂ ಅಲ್ಲ: ಪೂರ್ವ ಕೆರಿಬಿಯನ್ ದ್ವೀಪಗಳ ಕೇಂದ್ರ ಬ್ಯಾಂಕು 2021ರಲ್ಲಿ ತಂದ ಡಿಕ್ಯಾಶ್ ಅನ್ನುವ ಡಿಜಿಟಲ್ ಹಣ 2022ರ ಜನವರಿಯಲ್ಲಿ ನಿಂತುಹೋಗಿ ಸುಮಾರು ಎರಡು ತಿಂಗಳು ಏಳಲಿಲ್ಲ. ಆಂಟಿಗುವಾ ಕೂಡ ಅದೇ ಬ್ಯಾಂಕಿನ ಕೆಳಗೆ ಬರುತ್ತೆ.

ಎಫ್‌ಟಿಎಕ್ಸ್ ಅನ್ನುವ ಕ್ರಿಪ್ಟೊ ವಿನಿಮಯ ಕಂಪನಿ ಮುಳುಗಿದ ವಾರ ನಾನಿಲ್ಲೇ ಇದ್ದೆ, 2022ರ ನವೆಂಬರ್. ಅದು ಇಲ್ಲಿನ ಹೊಸ ಕಾಯ್ದೆಯಡಿ ಅಧಿಕೃತವಾಗಿ ನೋಂದಾಯಿಸಿಕೊಂಡ ಕಂಪನಿ. ಊರಿನ ಪಶ್ಚಿಮಕ್ಕೆ ದೊಡ್ಡ ಕಚೇರಿ ಕಟ್ಟುತ್ತಾರೆ, ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತೆ ಅಂತ ನನ್ನ ಜೊತೆ ಕೆಲಸ ಮಾಡುವವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಗ್ರಾಹಕರ ಸುಮಾರು 800 ಕೋಟಿ ಡಾಲರ್ ಇಲ್ಲ ಅಂತ ಆಯಿತು. ಡಿಸೆಂಬರ್ 12ಕ್ಕೆ ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ ಅವರನ್ನು ನಸಾವ್‌ನಲ್ಲೇ ಬಂಧಿಸಿದರು, 2024ರ ಮಾರ್ಚ್‌ನಲ್ಲಿ ಅಮೆರಿಕದ ಕೋರ್ಟು 25 ವರ್ಷ ಶಿಕ್ಷೆ ಕೊಟ್ಟಿತು. ಗ್ರಾಹಕರಿಗೆ ದುಡ್ಡು ವಾಪಸ್ ಶುರುವಾಗಿದ್ದು 2025ರಲ್ಲಿ, ಅದೂ ಮುಳುಗಿದ ದಿನದ ಬೆಲೆಯಲ್ಲಿ. ಕಾಯ್ದೆ ಇದ್ದ ದೇಶದಲ್ಲಿ, ನೋಂದಣಿ ಇದ್ದ ಕಂಪನಿಯಲ್ಲಿ ಹೀಗಾಯಿತು. ಎಲ್ಲಿಯದೆಂದೇ ಗೊತ್ತಿಲ್ಲದ ಬೆಟ್ಟಿಂಗ್ ಆ್ಯಪ್‌ನ ಕೈಲಿ ಕಾಯಿನ್ ಕೊಟ್ಟರೆ ಯಾರನ್ನು ಹಿಡಿಯುವುದು?

ಕಾಯಿನ್_ಪ್ರಿಯ · ಬೆಳಗ್ಗೆ 9:41

ಈ ವ್ಯತ್ಯಾಸ ಒಪ್ಪುತ್ತೇನೆ ಮೇಡಂ. ನನ್ನ ಕಾಯಿನ್ ನನ್ನ ವ್ಯಾಲೆಟ್‌ನಲ್ಲಿ ಇದ್ದಾಗ ಮಾತ್ರ ನನ್ನದು. ಆ್ಯಪ್‌ಗೆ ಕಳಿಸಿದ ಕ್ಷಣ ಅದು ಅವರದ್ದು, ವಾಪಸ್ ಕರೆಸಲು ಬ್ಯಾಂಕ್ ಇಲ್ಲ, ರದ್ದು ಬಟನ್ ಇಲ್ಲ. ಅಕ್ಕಾ, ತಮ್ಮನಿಗೆ ಹೇಳಿ: ಅವನು ಕಳಿಸಿದ ಪ್ರತಿ ವರ್ಗಾವಣೆಗೂ ಉದ್ದನೆಯ ಒಂದು ಸಂಖ್ಯೆ ಇರುತ್ತೆ, ಅದನ್ನೂ ಅವರ ವ್ಯಾಲೆಟ್ ವಿಳಾಸವನ್ನೂ ಬರೆದಿಟ್ಟುಕೊಳ್ಳಲಿ. ಆ್ಯಪ್ ಅಳಿಸುವ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಲಿ.

ಹುಬ್ಬಳ್ಳಿ_ವಕೀಲ · ಮಧ್ಯಾಹ್ನ 1:10

ಅಕ್ಕಾರ, ಈಗ ನಿಮ್ಮ ಅಪ್ಪಾರ ಖಾತೆ ವಿಚಾರಕ್ಕ ಬರ್ತೀನಿ. ಗಾಬರಿ ಆಗಬ್ಯಾಡ್ರಿ. ಇಂಥಾ ಕೇಸು ತಿಂಗಳಿಗೆ ನಾಕೈದು ನೋಡ್ತೀನಿ.

ಆಗಿದ್ದೇನು ಅಂದ್ರ: ನಿಮ್ಮ ತಮ್ಮ ಕಾಯಿನ್ ಮಾರಿದ್ದು ಗುರ್ತಿಲ್ಲದ ಮಂದಿಗೆ. ಆ ಖರೀದಿದಾರ ಯಾರೋ ಬಡಪಾಯಿಗೆ ಮೋಸ ಮಾಡಿ ತಂದ ರೊಕ್ಕಾ ನಿಮ್ಮ ಅಪ್ಪಾರ ಖಾತೆಗೆ ಹಾಕ್ಯಾನ. ಮೋಸ ಹೋದಾಂವ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಮಾಡಿ ದೂರು ಕೊಟ್ಟಾನ. ರೊಕ್ಕದ ಜಾಡು ಹಿಡಕೊಂಡು ಬಂದ ಪೊಲೀಸ್ರಿಗೆ ಸಿಕ್ಕಿದ್ದು ಚನ್ನಗಿರಿಯ ರೈತ. ಕಳ್ಳ ಕಾಯಿನ್ ತಗೊಂಡು ಹ್ವಾದ.

ಮೊದಲು ಬ್ಯಾಂಕಿಗೆ ಅರ್ಜಿ ಕೊಡ್ರಿ, ಬಾಯಿಮಾತು ಬ್ಯಾಡ. ಯಾವ ಠಾಣೆ, ದೂರಿನ ಸಂಖ್ಯೆ ಏನು, ಎಷ್ಟು ಮೊತ್ತದ ಬಗ್ಗೆ ತಕರಾರು, ಯಾವ ತಾರೀಖು ಜಮಾ ಆಗಿದ್ದು, ಇದಿಷ್ಟು ಬರವಣಿಗೆಯಲ್ಲಿ ತಗೊಳ್ರಿ. ಆಮೇಲೆ ಆ ತನಿಖಾಧಿಕಾರಿಗೆ ಪತ್ರ ಬರೀರಿ, ಅಡಿಕೆ ಮಾರಿದ ಪಟ್ಟಿ, ಮಂಡಿ ರಸೀದಿ, ಪಹಣಿ ಎಲ್ಲಾ ಹಚ್ಚಿ. ಪೊಲೀಸ್ರಿಗೆ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಅಪರಾಧ ಪ್ರಕರಣ ನಡಸೋ ಕಾಯ್ದೆ) 106ನೇ ಕಲಮಿನ ಕೆಳಗ ಆಸ್ತಿ ಜಪ್ತಿ ಮಾಡೋ ಅಧಿಕಾರ ಐತಿ. ಆದ್ರ ತಕರಾರಿನ ಮೊತ್ತ ಬಿಟ್ಟು ಇಡೀ ಖಾತೆ ಕಟ್ಟಿಹಾಕೂದು ಸರಿ ಅಲ್ಲಂತ ಕೇರಳ ಹೈಕೋರ್ಟ್ 2023ರಾಗ ಹೇಳೇತಿ. ಅಷ್ಟು ಮೊತ್ತಕ್ಕ ಮಾತ್ರ ತಡೆ ಇಟ್ಟು ಉಳದಿದ್ದು ಬಿಡ್ರಿ ಅಂತ ಕೇಳ್ರಿ. ಕೇಳಲಿಲ್ಲಾ ಅಂದ್ರ ಮ್ಯಾಜಿಸ್ಟ್ರೇಟ್ ಮುಂದ ಅರ್ಜಿ, ಅದಕ್ಕೂ ಆಗಲಿಲ್ಲಾ ಅಂದ್ರ ಹೈಕೋರ್ಟ್.

ಸುಳ್ಳು ಮಾತ್ರ ಹೇಳಬ್ಯಾಡ್ರಿ. "ಪಾರ್ಟ್‌ಟೈಂ ಪಗಾರ" ಅಂತ ಬರದುಕೊಟ್ರ ನಿಮ್ಮ ಅಪ್ಪಾರು ಸಾಕ್ಷಿಯಿಂದ ಆರೋಪಿ ಆಗ್ತಾರ. ಮಗ ಕಾಯಿನ್ ಮಾರಿದ್ದು, ನನಗ ಗೊತ್ತಿರಲಿಲ್ಲ, ಇಷ್ಟೇ ಖರೇ ಮಾತು ಬರೀರಿ.

ಇನ್ನು ಭಾರತದ ಕಾನೂನು. 2025ರ ಆಗಸ್ಟಿನಾಗ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡೇತಿ. ರೊಕ್ಕಾ ಹಚ್ಚಿ ಆಡೋ ಆನ್‌ಲೈನ್ ಆಟ ನಡಸೋರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ. ಜಾಹೀರಾತು ಕೊಟ್ಟೋರಿಗೂ ಎರಡು ವರ್ಷದ ತನಕ ಜೈಲು. ಆಡಿದಾಂವಗ ಆ ಕಾಯ್ದೆದಾಗ ಶಿಕ್ಷಾ ಇಲ್ಲ. ಆದ್ರ ಅಷ್ಟಕ್ಕ ಸಮಾಧಾನ ಪಡಬ್ಯಾಡ್ರಿ. "ವಿದ್ಯಾಭ್ಯಾಸ" ಅಂತ ಬ್ಯಾಂಕಿಗೆ ಬರದುಕೊಟ್ಟು ಕಳಿಸಿದ ಡಾಲರ್ ಜೂಜಿಗೆ ಹೋಗೇತಿ. ವಿದೇಶಿ ವಿನಿಮಯದ ನಿಯಮದಾಗ ಲಾಟರಿ, ಸ್ವೀಪ್‌ಸ್ಟೇಕಿಗೆ ರೊಕ್ಕಾ ಕಳಿಸೂದು ನಿಷಿದ್ಧ. ಗೆದ್ದಿದ್ದು ಬ್ಯಾಂಕ್ ದಾರಿ ಬಿಟ್ಟು ಬಂದೇತಿ, ಅದು ಹವಾಲಾದಂಗ ಕಾಣತೈತಿ. ಕ್ರಿಪ್ಟೊ ಲಾಭಕ್ಕ 30 ಪರ್ಸೆಂಟ್ ತೆರಿಗೆ 2022ರಿಂದ ಐತಿ. ಒಬ್ಬ ಒಳ್ಳೆ ಲೆಕ್ಕಪರಿಶೋಧಕರನ್ನ ಈ ವಾರನ ಭೆಟ್ಟಿ ಆಗ್ರಿ.

ಟ್ರಿನಿಡಾಡ್_ಮೇಷ್ಟ್ರು · ಸಂಜೆ 6:45

ಅಮ್ಮಾ, ಕಾನೂನಿನ ಮಾತು ಬಲ್ಲವರು ಹೇಳಿದ್ದಾರೆ. ನಾನು ಇಲ್ಲಿನ ಹುಡುಗರನ್ನು ಕಂಡವನಾಗಿ ಒಂದೆರಡು ಮಾತು.

ನಮ್ಮಲ್ಲಿ ಚೀಟಿ ಹಾಕುವ ಹಾಗೆ ಟ್ರಿನಿಡಾಡಿನಲ್ಲಿ "ಸೂ ಸೂ" ಅನ್ನುತ್ತಾರೆ. ಜಮೈಕಾದಲ್ಲಿ "ಪಾರ್ಟ್‌ನರ್", ಗಯಾನಾದಲ್ಲಿ "ಬಾಕ್ಸ್ ಹ್ಯಾಂಡ್". ಹತ್ತು ಮನೆಯವರು ತಿಂಗಳು ತಿಂಗಳು ಕಟ್ಟಿ ಸರದಿಯಲ್ಲಿ ಎತ್ತುವುದು. ಮುಖ ನೋಡಿ ನಂಬುವ ವ್ಯವಸ್ಥೆ. 2020ರಲ್ಲಿ ಇಲ್ಲಿ ಅದೇ ಹೆಸರು ಹೇಳಿಕೊಂಡು ಹಲವು ಪಟ್ಟು ವಾಪಸ್ ಕೊಡುತ್ತೇವೆ ಅನ್ನುವ ಕೂಟವೊಂದು ಹಬ್ಬಿತು. ಲಾ ಹೊರ್ಕೆಟಾ ಎಂಬಲ್ಲಿ ಪೊಲೀಸರು ಒಂದು ಮನೆಗೆ ನುಗ್ಗಿದಾಗ ಸಿಕ್ಕ ನಗದು ಸುಮಾರು 2.2 ಕೋಟಿ ಟ್ರಿನಿಡಾಡ್ ಡಾಲರ್. ನನ್ನ ಸಹೋದ್ಯೋಗಿಗಳೂ ಹಾಕಿದ್ದರು. ಈಗ ಬೆಟ್ಟಿಂಗ್ ಆ್ಯಪ್‌ಗಳೂ ಹುಡುಗರಿಗೆ ತಲುಪುವುದು ಹೀಗೇ: ಗುರುತಿನವನೇ "ನಾನು ಗೆದ್ದೆ" ಅಂತ ತೋರಿಸುತ್ತಾನೆ, ತನ್ನ ಕೋಡ್ ಹಾಕಿ ಸೇರು ಅನ್ನುತ್ತಾನೆ. ನಿಮ್ಮ ತಮ್ಮನಿಗೆ ಆ ರೂಂಮೇಟ್ ಯಾಕೆ ಅಷ್ಟು ಒತ್ತಾಯ ಮಾಡಿದ ಅಂತ ಕೇಳಿ ನೋಡಿ. ಸೇರಿಸಿದವನಿಗೆ, ಸೋತವನ ದುಡ್ಡಿನಲ್ಲಿ ಪಾಲು ಇರುತ್ತೆ.

ಮತ್ತೊಂದು. ಆ ಮಗು ಮನೆಯಿಂದ ಅಷ್ಟು ದೂರ ಇದೆ. ಹಗಲು ರಾತ್ರಿ ಬೇರೆ, ಊಟ ಬೇರೆ, ಪರೀಕ್ಷೆಯ ಭಯ ಬೇರೆ. ಬೈಯುವುದು ಸಾಕು ಅನಿಸುತ್ತೆ. ನನ್ನ ಒಬ್ಬ ವಿದ್ಯಾರ್ಥಿ ಇದೇ ಸಾಲದ ನಾಚಿಕೆಗೆ ಯಾರಿಗೂ ಹೇಳದೆ ಒಂದು ವಾರ ಕೋಣೆಯಿಂದ ಹೊರಬರಲಿಲ್ಲ. ಬಾಗಿಲು ಒಡೆದು ಕರೆತಂದೆವು.

ಬೆಣ್ಣೆನಗರಿ_ಅಕ್ಕ · ಸಂಜೆ 7:30

ಮೇಷ್ಟ್ರೇ, ನಿಮ್ಮ ಮಾತು ಓದಿ ಕೈ ನಡುಗಿತು. ಈಗ ಅವನಿಗೆ ಅಲ್ಲಿ ಬೆಳಗ್ಗೆ ಹತ್ತು. ಫೋನ್ ಮಾಡ್ತೀನಿ.

ಇನ್ನೊಂದು: ಇದನ್ನು ಬರೆದ ಮೇಲೆ ಯಾರೋ ನನಗೆ ಖಾಸಗಿಯಾಗಿ ಸಂದೇಶ ಕಳಿಸಿ, "ನಾವು ಕ್ರಿಪ್ಟೊ ರಿಕವರಿ ತಜ್ಞರು, 200 ಡಾಲರ್ ಕೊಟ್ಟರೆ 4,100 ವಾಪಸ್ ತರಿಸುತ್ತೇವೆ" ಅಂದಿದ್ದಾರೆ.

ಸೋತು_ಎದ್ದವ · ಸಂಜೆ 7:34

ಅದೂ ಅದೇ ಜಾಲ ಅಕ್ಕಾ. ಉತ್ತರ ಕೊಡಬೇಡಿ, ಬ್ಲಾಕ್ ಮಾಡಿ. ಸೋತವರ ಪಟ್ಟಿಯನ್ನೇ ಇವರು ಒಬ್ಬರಿಂದೊಬ್ಬರು ಕೊಳ್ಳುತ್ತಾರೆ.

ನನಗೆ ಕೊನೆಗೆ ಸಹಾಯ ಆಗಿದ್ದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೆಂದೇ "ಶಟ್" ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ. ಮೊದಲ ದಿನ ಡಾಕ್ಟರ್ ಎಷ್ಟು ಕಳೆದೆ ಅಂತ ಕೇಳಲಿಲ್ಲ, ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡ್ತೀಯ ಅಂತ ಕೇಳಿದರು. ಮನೆಯವರಿಗಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ನನ್ನ ಹೆಂಡತಿ ಫೋನ್ ಮಾಡಿದ್ದಳು. ತಮ್ಮ ರಜೆಗೆ ಬಂದಾಗ ಕರೆದುಕೊಂಡು ಬನ್ನಿ, ಬೇಕಾದರೆ ಜೊತೆಗೆ ನಾನೂ ಬರ್ತೀನಿ.

ಸೇಂಟ್‌ಜಾನ್ಸ್_ಹಳಬ · ರಾತ್ರಿ 8:15

ಆಂಟಿಗುವಾದಲ್ಲಿ ಜೂಜಿನ ಲೈಸೆನ್ಸನ್ನೂ ಡಿಜಿಟಲ್ ಆಸ್ತಿಯನ್ನೂ ನೋಡಿಕೊಳ್ಳುವುದು ಹಣಕಾಸು ಸೇವೆಗಳ ನಿಯಂತ್ರಣ ಆಯೋಗ. ಆ್ಯಪ್ ಅಲ್ಲಿಯದಲ್ಲ, ಕ್ಯುರಸಾವ್ ಹೆಸರು ಹೇಳುತ್ತೆ ಅನ್ನುವುದಾದರೆ ಆಂಟಿಗುವಾ ಆಯೋಗ ಏನೂ ಮಾಡಲಾರದು. ಆದರೂ ಒಂದು ಲಿಖಿತ ದೂರು ಎರಡೂ ಕಡೆ ಹೋಗಲಿ. ದುಡ್ಡು ಬರುತ್ತೆ ಅನ್ನುವ ಆಸೆಗಲ್ಲ, ನಾಳೆ ಅಪ್ಪನ ಕೇಸಿನಲ್ಲಿ "ಮಗನೂ ಮೋಸ ಹೋದವನು, ದೂರು ಕೊಟ್ಟಿದ್ದಾನೆ" ಅಂತ ತೋರಿಸಲು ಕಾಗದ ಬೇಕು. ಫೀಸಿನ ವಿಷಯ ಕಾಲೇಜಿನ ಕಚೇರಿಗೆ ಅವನೇ ಹೋಗಿ ಹೇಳಲಿ, ಕಂತು ಕೇಳಲಿ. ಗಡುವಿಗೆ ಮೊದಲೇ ಹೋಗಲಿ.

ಬೆಣ್ಣೆನಗರಿ_ಅಕ್ಕ · ಹತ್ತು ದಿನದ ನಂತರ, ಶನಿವಾರ ಸಂಜೆ 5:05

ಎಲ್ಲರಿಗೂ ತಿಳಿಸಬೇಕು ಅನಿಸಿತು.

ಬ್ಯಾಂಕು ದೂರಿನ ಸಂಖ್ಯೆ ಕೊಟ್ಟಿತು. ತಕರಾರು ಇದ್ದದ್ದು 38,000 ರೂಪಾಯಿಗೆ ಮಾತ್ರ. ವಕೀಲರು ಹೇಳಿದ ಹಾಗೇ ಅಪ್ಪ ಇದ್ದದ್ದು ಇದ್ದ ಹಾಗೆ ಬರೆದು, ಮಂಡಿ ರಸೀದಿ ಹಚ್ಚಿ ಕಳಿಸಿದರು. ನಿನ್ನೆ ಮಧ್ಯಾಹ್ನ ಆ 38,000 ಮಾತ್ರ ತಡೆಹಿಡಿದು ಉಳಿದದ್ದನ್ನು ಬಿಟ್ಟಿದ್ದಾರೆ. ಆ ದುಡ್ಡು ಯಾರದ್ದೋ ಅವರಿಗೇ ಹೋಗಲಿ, ಅದು ನಮಗೆ ಬೇಡ ಅಂತ ಅಪ್ಪ ಅಧಿಕಾರಿಗೆ ಬರೆದುಕೊಟ್ಟಿದ್ದಾರೆ.

ಆ್ಯಪ್‌ನ ಲೈಸೆನ್ಸ್ ಕ್ಯುರಸಾವ್ ಪಟ್ಟಿಯಲ್ಲಿ ಇರಲಿಲ್ಲ. ತಮ್ಮನೇ ಹುಡುಕಿ ನೋಡಿ ಫೋನ್ ಮಾಡಿದ, ಮಾತಾಡಲಾಗದೆ ಸುಮ್ಮನೆ ಇದ್ದ. ರೂಂಮೇಟ್‌ಗೆ ಪಾಲು ಸಿಗುತ್ತಿದ್ದದ್ದೂ ನಿಜವಂತೆ ಮೇಷ್ಟ್ರೇ. ಕೋಣೆ ಬದಲಿಸಿದ್ದಾನೆ. ಕಾಲೇಜು ಮೂರು ಕಂತಿಗೆ ಒಪ್ಪಿದೆ, ಮೊದಲ ಕಂತಿಗೆ ಅಪ್ಪ ಹಳೇ ಟ್ರ್ಯಾಕ್ಟರ್ ಮಾರುತ್ತಿದ್ದಾರೆ.

ಅಪ್ಪ ಅವನಿಗೆ ಒಂದು ಮಾತೂ ಬೈಯಲಿಲ್ಲ. ದಿನಾ ಸಂಜೆ ಏಳೂವರೆಗೆ, ಅವನಿಗೆ ಬೆಳಗ್ಗೆ ಹತ್ತಕ್ಕೆ, ತಾವೇ ವಿಡಿಯೋ ಕಾಲ್ ಮಾಡಿ "ತಿಂಡಿ ಆಯ್ತೇನೋ" ಅಂತ ಕೇಳುತ್ತಾರೆ. ಡಿಸೆಂಬರ್ ರಜೆಗೆ ಟಿಕೆಟ್ ನೋಡುತ್ತಿದ್ದೇವೆ. ಸೋತು_ಎದ್ದವ ಅಣ್ಣಾ, ನಿಮ್ಹಾನ್ಸ್‌ಗೆ ಯಾವ ದಿನ ಬಂದರೆ ಒಳ್ಳೆಯದು ಅಂತ ಹೇಳಿ, ಬರ್ತೀವಿ.